ಲೆಕ್ಕ ಓದಲು ಕೂತವರು

1995ರಲ್ಲಿ ಮಹಾರಾಷ್ಟ್ರದ ಯಾವ ಊರಿನ ಕಟ್ಟೆಯ ಮೇಲೆ ಕೂತು ಎನ್ರಾನ್ ಹೆಸರೆತ್ತಿದರೂ ಜಗಳ ಶುರುವಾಗುತ್ತಿತ್ತು. ರತ್ನಾಗಿರಿ ಜಿಲ್ಲೆಯ ಗುಹಾಗರ ತಾಲ್ಲೂಕಿನ ಕಡಲಂಚಿನಲ್ಲಿ, ದಾಭೋಳ್ ಯೋಜನೆ ಎಂಬ ಹೆಸರಿನಲ್ಲಿ, ಅಮೆರಿಕದ ಆ ಕಂಪನಿ 2,015 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುತ್ ಸ್ಥಾವರ ಕಟ್ಟಲು ಹೊರಟಿತ್ತು. ದೇಶ ಆಗಷ್ಟೇ ಹೊರಗಿನ ಬಂಡವಾಳಕ್ಕೆ ಬಾಗಿಲು ತೆರೆದಿತ್ತು. ಕೆಲವರಿಗೆ ಅದು ಹೊಸ ಕಾಲದ ಶುಭಶಕುನ, ಕೆಲವರಿಗೆ ಹೊಸ ವೇಷದ ಈಸ್ಟ್ ಇಂಡಿಯಾ ಕಂಪನಿ. ಭಾಷಣ, ಮೆರವಣಿಗೆ, ಚುನಾವಣೆ ಎಲ್ಲದರಲ್ಲೂ ಅದೇ ಮಾತು. ಆದರೆ ಈ ಸ್ಥಾವರದ ಕರೆಂಟು ಯೂನಿಟ್ಟಿಗೆ ಎಷ್ಟು ಬೀಳುತ್ತದೆ, ಅಷ್ಟು ಕರೆಂಟು ರಾಜ್ಯಕ್ಕೆ ಬೇಕೇ, ಬೇಡದ ಹೊತ್ತಿನಲ್ಲೂ ದುಡ್ಡು ಕಟ್ಟುವವರು ಯಾರು ಎಂದು ಕೂತು ಲೆಕ್ಕ ಹಾಕಿದವರು ಬೆರಳೆಣಿಕೆಯಷ್ಟು ಜನ.

ಅವರಲ್ಲಿ ಪುಣೆಯ ಮೂವರು ಯುವಕರಿದ್ದರು. ಗಿರೀಶ್ ಸಂತ್, ಶಂತನು ದೀಕ್ಷಿತ್, ಸುಬೋಧ್ ವಾಗ್ಳೆ. ಅವರ ವಿಶ್ಲೇಷಣೆ 1995ರ ಜೂನ್‌ನಲ್ಲಿ 'ಇಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ'ಯಲ್ಲಿ ಪ್ರಕಟವಾಯಿತು. ಅದರಲ್ಲಿ ಘೋಷಣೆ ಇರಲಿಲ್ಲ, ಕೋಷ್ಟಕಗಳಿದ್ದವು. ಒಪ್ಪಂದದ ಬೆನ್ನೆಲುಬು ಎರಡು ಷರತ್ತುಗಳು. ಮೊದಲನೆಯದು: ಸ್ಥಾವರ ನಡೆಯಲು ಸಿದ್ಧವಿದ್ದರೆ ಸಾಕು, ಕರೆಂಟು ತೆಗೆದುಕೊಂಡರೂ ಬಿಟ್ಟರೂ ರಾಜ್ಯದ ವಿದ್ಯುತ್ ಮಂಡಳಿ ನಿಗದಿತ ಮೊತ್ತವನ್ನು ಕೊಡಲೇಬೇಕು. ಎರಡನೆಯದು: ಆ ಮೊತ್ತದ ದೊಡ್ಡ ಪಾಲು ಡಾಲರಿಗೆ ಕಟ್ಟಿಹಾಕಿದ್ದು, ರೂಪಾಯಿ ಕುಸಿದರೆ ಏಟು ಬೀಳುವುದು ಮಂಡಳಿಗೆ, ಅಂದರೆ ಬಿಲ್ಲು ಕಟ್ಟುವವರಿಗೆ. ಒಪ್ಪಂದಕ್ಕೆ ಸಹಿ ಬಿದ್ದ 1993ರಲ್ಲಿ ಡಾಲರಿಗೆ ಸುಮಾರು 31 ರೂಪಾಯಿ ಇತ್ತು. 2001ರ ಹೊತ್ತಿಗೆ ಅದು 47ರ ಹತ್ತಿರ ಬಂದಿತ್ತು.

ಮುಂದಿನ ಕಥೆ ಗೊತ್ತಿರುವುದೇ. 1995ರ ಆಗಸ್ಟ್‌ನಲ್ಲಿ ಹೊಸ ಸರ್ಕಾರ ಯೋಜನೆಯನ್ನು ರದ್ದು ಮಾಡಿತು, ಕೆಲವೇ ತಿಂಗಳಲ್ಲಿ ಮರುಮಾತುಕತೆ ನಡೆಸಿ ಒಪ್ಪಿಕೊಂಡಿತು. 1999ರಲ್ಲಿ ಮೊದಲ ಹಂತದಿಂದ ಕರೆಂಟು ಬಂತು. ಮಂಡಳಿ ಕಡಿಮೆ ಖರೀದಿಸಿದ ತಿಂಗಳುಗಳಲ್ಲಿ ನಿಗದಿತ ಮೊತ್ತವೆಲ್ಲ ಅಷ್ಟೇ ಯೂನಿಟ್ಟುಗಳ ಮೇಲೆ ಬಿದ್ದು, ದರ ಯೂನಿಟ್ಟಿಗೆ ಏಳು ರೂಪಾಯಿ ದಾಟಿತು. 2001ರಲ್ಲಿ ಸ್ಥಾವರ ನಿಂತಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಎನ್ರಾನ್ ಕಂಪನಿಯೇ ದಿವಾಳಿಯಾಯಿತು. ಆ ಯುವಕರು ಎತ್ತಿದ ಪ್ರಶ್ನೆಗಳಿಗೆ ಆರು ವರ್ಷಗಳಲ್ಲಿ ಉತ್ತರ ಸಿಕ್ಕಿತು, ಆದರೆ ಅಷ್ಟರಲ್ಲಿ ಖರ್ಚು ಆಗಿಹೋಗಿತ್ತು.

ಅದೇ ಹೊತ್ತಿನಲ್ಲಿ ನಮ್ಮ ಕರಾವಳಿಯಲ್ಲೂ ಇಂಥದೇ ಒಂದು ಯೋಜನೆ ಇತ್ತು. ಉಡುಪಿ ಬಳಿಯ ನಂದಿಕೂರಿನಲ್ಲಿ ಕೊಜೆಂಟ್ರಿಕ್ಸ್ ಎಂಬ ಅಮೆರಿಕದ ಕಂಪನಿ 1,000 ಮೆಗಾವ್ಯಾಟ್ ಕಲ್ಲಿದ್ದಲು ಸ್ಥಾವರಕ್ಕೆ ಬಂದಿತ್ತು. ಎನ್ರಾನ್ ಹಾಗೆಯೇ ಅದೂ ಕೇಂದ್ರದ 'ಫಾಸ್ಟ್ ಟ್ರ್ಯಾಕ್' ಪಟ್ಟಿಯಲ್ಲಿತ್ತು. ವರ್ಷಗಟ್ಟಲೆ ವಿರೋಧ, ನ್ಯಾಯಾಲಯ, ಮಂಜೂರಾತಿಗಳ ಸುತ್ತಾಟದ ನಂತರ 1999ರ ಕೊನೆಯಲ್ಲಿ ಕಂಪನಿ ಹಿಂದೆ ಸರಿಯಿತು. ಹಳಬರಿಗೆ ಇನ್ನೂ ನೆನಪಿರಬಹುದು. ಅಂದು ನಮ್ಮಲ್ಲಿ ಚರ್ಚೆ ನಡೆದದ್ದು ಹೆಚ್ಚಾಗಿ ಪರಿಸರದ ಮೇಲೆ. ಅದು ಬಹಳ ಅಗತ್ಯವಾಗಿತ್ತು. ದರದ ಲೆಕ್ಕ ಹಾಕಿ ಜನರ ಮುಂದಿಟ್ಟವರು ಮಾತ್ರ ತೀರಾ ಕಡಿಮೆ.

ಪುಣೆಯ ಆ ಗುಂಪಿನ ಹೆಸರು ಪ್ರಯಾಸ್. 1994ರಲ್ಲಿ ನೋಂದಣಿಯಾದ ಟ್ರಸ್ಟ್. ಅದನ್ನು ಕಟ್ಟಿದವರಲ್ಲಿ ವೈದ್ಯರೂ ಇದ್ದರು, ಎಂಜಿನಿಯರುಗಳೂ ಇದ್ದರು. ಆರೋಗ್ಯಕ್ಕೊಂದು ವಿಭಾಗ, ಇಂಧನಕ್ಕೊಂದು ವಿಭಾಗ. ನಾನು ಹೇಳುತ್ತಿರುವುದು ಇಂಧನ ವಿಭಾಗದ ಬಗ್ಗೆ. ಗಿರೀಶ್ ಸಂತ್ ಐಐಟಿ ಬಾಂಬೆಯಲ್ಲಿ ಓದಿದವರು, ಇಂಧನ ವ್ಯವಸ್ಥೆಗಳು ಅವರ ವಿಷಯ. ಆ ಓದಿಗೆ ದೊಡ್ಡ ಕಂಪನಿಯ ನೌಕರಿಯೋ ಅಮೆರಿಕದ ವೀಸಾವೋ ಕಷ್ಟವೇನೂ ಆಗಿರಲಿಲ್ಲ. ಅವರು ಆರಿಸಿಕೊಂಡದ್ದು ವಿದ್ಯುತ್ ಮಂಡಳಿಯ ವಾರ್ಷಿಕ ವರದಿಗಳನ್ನು ಓದುವ ಕೆಲಸ. ಕೇಳಲು ನೀರಸ ಅನಿಸಬಹುದು. ಆದರೆ ಈ ದೇಶದಲ್ಲಿ ಸಾರ್ವಜನಿಕ ಹಣದ ಬಹುದೊಡ್ಡ ಸೋರಿಕೆಗಳು ಅಂಥ ನೀರಸ ಪುಟಗಳಲ್ಲೇ ಅಡಗಿ ಕೂತಿರುತ್ತವೆ.

ಈ ಕೆಲಸದ ಬೇರೊಂದು ತುದಿ ನಮ್ಮ ಬೆಂಗಳೂರಿನಲ್ಲಿದೆ, ಅದನ್ನು ಕನ್ನಡಿಗರು ಮರೆತಿದ್ದೇವೆ ಎಂಬುದು ನನ್ನ ಬೇಸರ. 1987ರಲ್ಲಿ ಕರ್ನಾಟಕ ಸರ್ಕಾರಕ್ಕಾಗಿ 2000ನೇ ಇಸವಿಯವರೆಗಿನ ವಿದ್ಯುತ್ ಯೋಜನೆಗಳ ದೀರ್ಘಾವಧಿ ವರದಿಯೊಂದು ಸಿದ್ಧವಾಯಿತು. ಬೇಡಿಕೆ ಹಿಂದಿನಂತೆಯೇ ಏರುತ್ತಾ ಹೋಗುತ್ತದೆ, ಆದ್ದರಿಂದ ಇಷ್ಟು ಸ್ಥಾವರ ಬೇಕು, ಇಷ್ಟು ಸಾವಿರ ಕೋಟಿ ಬೇಕು ಎಂಬ ಧಾಟಿಯದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಅಮೂಲ್ಯ ರೆಡ್ಡಿ ಮತ್ತು ಅವರ ಸಹೋದ್ಯೋಗಿಗಳು ಅದನ್ನು ತಲೆಕೆಳಗು ಮಾಡಿ ನೋಡಿದರು. ಜನರಿಗೆ ಬೇಕಾದದ್ದು ಯೂನಿಟ್ಟುಗಳೋ, ಅಥವಾ ಬೆಳಕು, ಬಿಸಿನೀರು, ಹೊಲಕ್ಕೆ ನೀರು ಇವೋ? ಹಳೆಯ ಬಲ್ಬಿನ ಬದಲು ಸಿಎಫ್‌ಎಲ್, ಗೀಸರಿನ ಬದಲು ಸೋಲಾರ್, ಪಂಪ್‌ಸೆಟ್ಟಿಗೆ ಉತ್ತಮ ಫುಟ್‌ವಾಲ್ವ್ ಮತ್ತು ಪೈಪು, ಸಕ್ಕರೆ ಕಾರ್ಖಾನೆಯ ಕಬ್ಬಿನ ಸಿಪ್ಪೆಯಿಂದ ಕರೆಂಟು, ಸಣ್ಣ ಜಲವಿದ್ಯುತ್. ಇಷ್ಟನ್ನು ಲೆಕ್ಕಕ್ಕೆ ತೆಗೆದುಕೊಂಡು, ಜೊತೆಗೆ ಕರ್ನಾಟಕದ ಪ್ರತಿ ಮನೆಗೂ ದೀಪ ಸೇರಿಸಿ ಅವರು ಹಾಕಿದ ಅಂದಾಜು, ಸರ್ಕಾರಿ ಅಂದಾಜಿನ ಅರ್ಧವನ್ನೂ ಮುಟ್ಟಲಿಲ್ಲ. ಬಂಡವಾಳ ಸುಮಾರು ಮೂರನೇ ಒಂದು ಪಾಲು. ಡಿಫೆಂಡಸ್ ಎಂಬ ಹೆಸರಿನ ಈ ಅಧ್ಯಯನ 1991ರ ಏಪ್ರಿಲ್‌ನಲ್ಲಿ ಅದೇ 'ವೀಕ್ಲಿ'ಯಲ್ಲಿ ಬಂತು.

ಅಮೂಲ್ಯ ರೆಡ್ಡಿ ಬೆಂಗಳೂರಿನಲ್ಲೇ ಹುಟ್ಟಿದವರು. ಎಲೆಕ್ಟ್ರೋಕೆಮಿಸ್ಟ್ರಿಯಲ್ಲಿ ಜಗತ್ತಿನ ವಿದ್ಯಾರ್ಥಿಗಳು ಓದುವ ಪಠ್ಯಪುಸ್ತಕ ಬರೆದವರು. 1974ರಲ್ಲಿ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಕಟ್ಟಿ, ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರ, ಪುರ ಮುಂತಾದ ಹಳ್ಳಿಗಳಲ್ಲಿ ಸೌದೆ ಎಷ್ಟು ಬೇಕು, ಹೆಂಗಸರು ನೀರು-ಸೌದೆಗೆ ಎಷ್ಟು ಹೊತ್ತು ನಡೆಯುತ್ತಾರೆ ಎಂದು ಅಳೆದವರು. ಪುಣೆಯವರು ಮಹಾರಾಷ್ಟ್ರಕ್ಕೆ ಅತಿ ಕಡಿಮೆ ಖರ್ಚಿನ ವಿದ್ಯುತ್ ಯೋಜನೆಯ ಲೆಕ್ಕ ಹಾಕಿದ್ದು ಇದೇ ದಾರಿಯಲ್ಲಿ. ವಿಧಾನ ಕರ್ನಾಟಕದಲ್ಲಿ ರೂಪುಗೊಂಡಿತು. ಅದನ್ನು ಮುಂದೆ ವರ್ಷವರ್ಷವೂ ಅಧಿಕಾರಿಗಳ ಮುಂದೆ ಕೂತು ವಾದಿಸುವ ಕಸುಬಾಗಿ ಬೆಳೆಸಿದ್ದು ಮಹಾರಾಷ್ಟ್ರ.

ಆ ಕಸುಬಿಗೆ ಜಾಗ ಸಿಕ್ಕಿದ್ದು ನಿಯಂತ್ರಣ ಆಯೋಗಗಳು ಬಂದ ಮೇಲೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತರಕಾರಿ ದುಬಾರಿ ಎನಿಸಿದರೆ ಪಕ್ಕದ ಅಂಗಡಿಗೆ ಹೋಗಬಹುದು. ಕರೆಂಟಿಗೆ ಪಕ್ಕದ ಅಂಗಡಿ ಇಲ್ಲ. ಒಂದೇ ಬೀದಿಯಲ್ಲಿ ಎರಡು ಕಂಪನಿ ಎರಡು ಸಾಲು ಕಂಬ ನೆಟ್ಟು ಪೈಪೋಟಿ ನಡೆಸುವುದು ಯಾರಿಗೂ ಗಿಟ್ಟುವುದಿಲ್ಲ. ಹೀಗೆ ಮಾರುಕಟ್ಟೆ ಕೆಲಸ ಮಾಡದ ಕಡೆ, ಮಾರುಕಟ್ಟೆ ಮಾಡಬೇಕಾದ ಕೆಲಸವನ್ನು ಒಬ್ಬ ಮಧ್ಯಸ್ಥ ಮಾಡಬೇಕಾಗುತ್ತದೆ: ಖರ್ಚು ನ್ಯಾಯವೇ, ಸೋರಿಕೆ ಎಷ್ಟು, ಲಾಭ ಎಷ್ಟಿರಬೇಕು ಎಂದು ನೋಡಿ ದರ ನಿಗದಿ ಮಾಡುವುದು. ಒಡಿಶಾ 1995ರ ಕಾಯ್ದೆಯ ಮೂಲಕ ಮೊದಲು ಇಂಥ ಆಯೋಗ ಮಾಡಿತು. 1998ರಲ್ಲಿ ಕೇಂದ್ರದ ಕಾಯ್ದೆ ಬಂತು. ಕರ್ನಾಟಕ 1999ರಲ್ಲಿ ತನ್ನದೇ ಸುಧಾರಣಾ ಕಾಯ್ದೆ ತಂದು ರಾಜ್ಯದ ವಿದ್ಯುತ್ ಮಂಡಳಿಯಾದ ಕೆಇಬಿಯನ್ನು ಒಡೆಯಿತು, ಕೆಇಆರ್‌ಸಿ ಎಂದು ನಾವು ಕರೆಯುವ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಆ ವರ್ಷವೇ ಶುರುವಾಯಿತು. 2003ರ ವಿದ್ಯುತ್ ಕಾಯ್ದೆ ಇದನ್ನೆಲ್ಲ ದೇಶಕ್ಕೇ ಒಂದು ಮಾಡಿತು. ಅದರ 64ನೇ ಕಲಮಿನ ಪ್ರಕಾರ ದರ ಅರ್ಜಿಯನ್ನು ಪ್ರಕಟಿಸಲೇಬೇಕು, ಸಾರ್ವಜನಿಕರ ಆಕ್ಷೇಪಗಳನ್ನು ಪರಿಗಣಿಸಲೇಬೇಕು, 120 ದಿನಗಳೊಳಗೆ ಆದೇಶ ಕೊಡಬೇಕು.

ಮಧ್ಯಸ್ಥನನ್ನು ಕೂರಿಸಿದ ಮಾತ್ರಕ್ಕೆ ನ್ಯಾಯ ಸಿಗುತ್ತದೆಯೇ? ಷಿಕಾಗೋದ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ ಇದರ ಬಗ್ಗೆ ಕಟುವಾದ ಮಾತು ಹೇಳಿದ್ದರು. 1962ರಲ್ಲಿ ಅವರು ಕ್ಲೇರ್ ಫ್ರೀಡ್‌ಲ್ಯಾಂಡ್ ಜೊತೆ ಸೇರಿ ಅಮೆರಿಕದ ರಾಜ್ಯಗಳ ವಿದ್ಯುತ್ ದರಗಳನ್ನು ತುಲನೆ ಮಾಡಿದಾಗ, ಆಯೋಗ ಇದ್ದ ಕಡೆಗೂ ಇಲ್ಲದ ಕಡೆಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 1971ರ ಪ್ರಬಂಧದಲ್ಲಿ ಕಾರಣವನ್ನೂ ಕೊಟ್ಟರು. ಕಂಪನಿಗಳು ಕೆಲವೇ, ಅವುಗಳಿಗೆ ಪಣಕ್ಕಿಟ್ಟದ್ದು ಕೋಟಿಗಟ್ಟಲೆ. ಆದ್ದರಿಂದ ಅವು ವಕೀಲರನ್ನು, ಪರಿಣತರನ್ನು ಇಟ್ಟುಕೊಂಡು ಆಯೋಗದ ಮುಂದೆ ಹಾಜರಿರುತ್ತವೆ. ಗ್ರಾಹಕರು ಲಕ್ಷಾಂತರ, ಒಬ್ಬೊಬ್ಬರ ನಷ್ಟ ತಿಂಗಳಿಗೆ ನೂರು-ಇನ್ನೂರು; ಅದಕ್ಕಾಗಿ ಯಾರು ರಜೆ ಹಾಕಿ ಬರುತ್ತಾರೆ? ಕ್ರಮೇಣ ನಿಯಂತ್ರಿಸಬೇಕಾದವರು ನಿಯಂತ್ರಣಕ್ಕೆ ಒಳಗಾಗಬೇಕಾದವರ ಕೈವಶವಾಗುತ್ತಾರೆ. ಸ್ಟಿಗ್ಲರ್ ಅವರಿಗೆ 1982ರಲ್ಲಿ ನೊಬೆಲ್ ಬಂತು. ನಿಯಂತ್ರಣವೇ ಬೇಡ ಎನ್ನುವವರು ಈ ಸಿದ್ಧಾಂತವನ್ನು ಹಿಡಿದುಕೊಂಡರು. ನನಗೆ ಅದು ಬೇರೆ ಪಾಠ ಹೇಳುತ್ತದೆ: ಆ ಲಕ್ಷಾಂತರ ಜನರ ಪರವಾಗಿ, ಅಷ್ಟೇ ತಯಾರಿ ಮಾಡಿಕೊಂಡು, ಆ ಕುರ್ಚಿಯಲ್ಲಿ ಯಾರಾದರೂ ಕೂರಲೇಬೇಕು.

ಅಮೆರಿಕದಲ್ಲಿ ಸರ್ಕಾರದ ನಿಯಮಗಳ ಲೆಕ್ಕ ಕೇಳಲು ಕೂತವರಲ್ಲಿ ಅರ್ಥಶಾಸ್ತ್ರಜ್ಞರೂ ಇದ್ದರು. 1998ರಲ್ಲಿ ವಾಷಿಂಗ್ಟನ್ನಿನ ಎರಡು ಭಿನ್ನ ಒಲವಿನ ಸಂಸ್ಥೆಗಳು, ಮಾರುಕಟ್ಟೆಯತ್ತ ವಾಲುವ ಅಮೆರಿಕನ್ ಎಂಟರ್‌ಪ್ರೈಸ್ ಇನ್‌ಸ್ಟಿಟ್ಯೂಟ್ (ಎಇಐ) ಮತ್ತು ನಡುವಿನಿಂದ ಎಡಕ್ಕೆ ನಿಲ್ಲುವ ಬ್ರೂಕಿಂಗ್ಸ್, ಸೇರಿ ನಿಯಂತ್ರಣ ಅಧ್ಯಯನಕ್ಕೆ ಜಂಟಿ ಕೇಂದ್ರವೊಂದನ್ನು ತೆರೆದವು. ರಾಬರ್ಟ್ ಹಾನ್, ರಾಬರ್ಟ್ ಲೈಟನ್ ಅದರ ಮುಂದಾಳುಗಳು. 2008ರ ಹೊತ್ತಿಗೆ ಜಂಟಿ ಹೆಸರು ಹೋಗಿ ಅದು ರೆಗ್-ಮಾರ್ಕೆಟ್ಸ್ ಸೆಂಟರ್ ಆಯಿತು. ಸರ್ಕಾರ ಹೊರಡಿಸುವ ಪ್ರತಿ ದೊಡ್ಡ ನಿಯಮಕ್ಕೂ ಖರ್ಚೆಷ್ಟು, ಪ್ರಯೋಜನವೆಷ್ಟು ಎಂಬ ಲೆಕ್ಕ ಬೇಕು ಎಂಬುದು ಅವರ ಪಟ್ಟು. ಸರ್ಕಾರದ್ದೇ ಅಂಕಿಗಳನ್ನು ಹಿಡಿದು ನೋಡಿದರೂ ಸುಮಾರು ಅರ್ಧದಷ್ಟು ನಿಯಮಗಳು ಆ ಪರೀಕ್ಷೆಯಲ್ಲಿ ಗೆಲ್ಲುವುದಿಲ್ಲ ಎಂದು ಹಾನ್ ಬರೆದಾಗ ದೊಡ್ಡ ವಾದವೇ ಎದ್ದಿತು. ಉಳಿಸಿದ ಜೀವಕ್ಕೆ, ಶುದ್ಧ ಗಾಳಿಗೆ ಡಾಲರಿನಲ್ಲಿ ಬೆಲೆ ಕಟ್ಟುವುದೇ ತಪ್ಪು ಎಂದು ಫ್ರಾಂಕ್ ಆಕರ್‌ಮನ್, ಲೀಸಾ ಹೈನ್ಸರ್ಲಿಂಗ್ ತಿರುಗೇಟು ಕೊಟ್ಟರು. ಆ ವಾದದಲ್ಲಿ ನನ್ನ ಮನಸ್ಸು ಎರಡನೆಯವರ ಕಡೆಗಿದೆ. ಆದರೂ ಲೆಕ್ಕ ತೋರಿಸು ಎಂದು ಸರ್ಕಾರವನ್ನು ಕೇಳುವ ಹಾನ್ ಅವರ ಹಟ ನಮ್ಮಲ್ಲೂ ಬೇಕು ಎನಿಸುತ್ತದೆ. ಅವರ ಓದುಗರು ಶ್ವೇತಭವನದ ಅಧಿಕಾರಿಗಳು, ಸಂಸದರು. ಪುಣೆಯ ಗುಂಪಿಗೆ ಸಿಕ್ಕ ಕಣ ಇನ್ನೂ ಕೆಳಗಿನದು, ಇನ್ನೂ ಜನಸಂದಣಿಯದು.

ಮಹಾರಾಷ್ಟ್ರದ ಆಯೋಗ ಕೆಲಸ ಶುರುಮಾಡಿದಾಗ ಕಾನೂನಿನಲ್ಲಿದ್ದ ಅವಕಾಶ ಬಳಸಿ ನಾಲ್ಕು ಸಂಸ್ಥೆಗಳನ್ನು ಗ್ರಾಹಕ ಪ್ರತಿನಿಧಿಗಳೆಂದು ನೇಮಿಸಿತು. ಮುಂಬೈ ಗ್ರಾಹಕ ಪಂಚಾಯತ್, ಎರಡು ಕೈಗಾರಿಕಾ ಸಂಘಗಳು ಮತ್ತು ಪ್ರಯಾಸ್. ಅಲ್ಲಿ ಅವರು ಹಿಡಿದ ಒಂದು ಎಳೆಯನ್ನು ಹತ್ತಿರದಿಂದ ನೋಡೋಣ, ಏಕೆಂದರೆ ಅದು ನಮ್ಮ ರೈತರಿಗೂ ನೇರ ಸಂಬಂಧಿಸಿದ್ದು.

ಬಹುಪಾಲು ಪಂಪ್‌ಸೆಟ್ಟುಗಳಿಗೆ ಮೀಟರ್ ಇಲ್ಲ. ಹೆಚ್‌ಪಿಗೆ ಇಷ್ಟು ಎಂದು ವರ್ಷಕ್ಕೊಮ್ಮೆ ದುಡ್ಡು, ಅಥವಾ ನಮ್ಮಲ್ಲಿನಂತೆ 10 ಹೆಚ್‌ಪಿವರೆಗೆ ಉಚಿತ. ಈಗ ವಿದ್ಯುತ್ ಮಂಡಳಿ ತನ್ನ ಜಾಲಕ್ಕೆ 100 ಯೂನಿಟ್ ಹರಿಸಿದೆ ಎನ್ನಿ. ಮೀಟರ್ ಇರುವ ಮನೆ, ಅಂಗಡಿ, ಕಾರ್ಖಾನೆಗಳ ಬಿಲ್ಲು ಕೂಡಿದರೆ 50 ಯೂನಿಟ್ ಸಿಕ್ಕಿತು. ಉಳಿದ 50 ಎಲ್ಲಿ ಹೋಯಿತು? ಒಂದಷ್ಟು ಪಂಪ್‌ಸೆಟ್ಟಿಗೆ, ಒಂದಷ್ಟು ತಂತಿಯಲ್ಲಿ ಬಿಸಿಯಾಗಿ, ಒಂದಷ್ಟು ಕಳ್ಳತನದಲ್ಲಿ. ಅಳೆದವರು ಯಾರೂ ಇಲ್ಲ. ಪಂಪ್‌ಸೆಟ್ಟುಗಳು 35 ಯೂನಿಟ್ ಕುಡಿದವು ಎಂದು ಬರೆದರೆ ನಷ್ಟ ಬರೀ 15, ಮಂಡಳಿ ದಕ್ಷ. ಪಂಪ್‌ಸೆಟ್ಟಿಗೆ ನಿಜವಾಗಿ ಹೋದದ್ದು 15 ಎಂದಾದರೆ ನಷ್ಟ 35, ಮಂಡಳಿಯಲ್ಲಿ ಯಾರೋ ಉತ್ತರ ಕೊಡಬೇಕು. ಪೆನ್ನು ಮಂಡಳಿಯ ಕೈಯಲ್ಲೇ ಇದ್ದಾಗ ಯಾವುದನ್ನು ಬರೆಯುತ್ತಾರೆ? ರೈತನ ತಲೆಗೆ ಕಟ್ಟುವುದು ಸುಲಭ. ಸರ್ಕಾರದಿಂದ ಸಹಾಯಧನವೂ ಆ ಲೆಕ್ಕದ ಮೇಲೆಯೇ ಬರುತ್ತದೆ.

ಪ್ರಯಾಸ್‌ನವರು 1990ರ ದಶಕದಲ್ಲೇ ಈ ಅಂಕಿಯ ಮೇಲೆ ಬೆರಳಿಟ್ಟರು. ಪರೀಕ್ಷೆಯ ದಾರಿ ಸರಳ, ಯಾವ ಹಳ್ಳಿಯವರೂ ಮಾಡಿ ನೋಡಬಹುದು. ಉದಾಹರಣೆಗೆ ಐದು ಹೆಚ್‌ಪಿಯ ಮೋಟಾರು ಸುಮಾರು ಮೂರೂಮುಕ್ಕಾಲು ಕಿಲೋವ್ಯಾಟ್. ಅದು ವರ್ಷಕ್ಕೆ 10,000 ಯೂನಿಟ್ ತಿಂದಿತು ಎಂದು ಕಾಗದ ಹೇಳಿದರೆ, ಸುಮಾರು 2,700 ಗಂಟೆ ಓಡಿರಬೇಕು. ಅಂದರೆ ಮಳೆಗಾಲವೂ ಸೇರಿ ವರ್ಷದ ಎಲ್ಲಾ ದಿನ, ದಿನಕ್ಕೆ ಏಳು ಗಂಟೆಗೂ ಹೆಚ್ಚು. ಆ ಊರಿಗೆ ತ್ರೀ ಫೇಸ್ ಎಷ್ಟು ಗಂಟೆ ಬರುತ್ತದೆ? ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಸುಟ್ಟು ಎಷ್ಟು ದಿನ ಕೂತಿತ್ತು? ಬೇಸಿಗೆಯಲ್ಲಿ ಬೋರ್‌ವೆಲ್ಲಿನಲ್ಲಿ ಅಷ್ಟು ಹೊತ್ತು ಎತ್ತುವಷ್ಟು ನೀರು ಇದೆಯೇ? ಅಷ್ಟು ನೀರು ಎತ್ತಿದ್ದರೆ ಬೆಳೆ ಎಷ್ಟು ಎಕರೆಯಲ್ಲಿ ಕಾಣಬೇಕಿತ್ತು? ಈ ನಾಲ್ಕು ಪ್ರಶ್ನೆಗೆ ಉತ್ತರ ಹೊಂದದಿದ್ದರೆ ಅಂಕಿ ಸುಳ್ಳು.

ಮಹಾರಾಷ್ಟ್ರದ ಮಂಡಳಿ ತನ್ನ ವಿತರಣಾ-ಸಾಗಣೆ ನಷ್ಟ ಶೇ. 18ರ ಆಸುಪಾಸು ಎಂದು ಹೇಳಿಕೊಂಡು ಬಂದಿತ್ತು. 2000ನೇ ಇಸವಿಯಲ್ಲಿ ಆಯೋಗದ ಮೊದಲ ದರ ಆದೇಶ ಬಂದಾಗ ಅದು ಶೇ. 30ನ್ನು ದಾಟಿತು. ಒಂದೇ ಏಟಿಗೆ ನಷ್ಟ ಹೆಚ್ಚಾಗಲಿಲ್ಲ; ಪಂಪ್‌ಸೆಟ್ಟಿನ ಖಾತೆಯಲ್ಲಿ ಮುಚ್ಚಿಟ್ಟದ್ದು ಬೆಳಕಿಗೆ ಬಂತು. ಅದರ ಫಲವೇನು ಎಂದರೆ, ದಕ್ಷತೆಯಿಲ್ಲದ ಖರ್ಚನ್ನು ಪೂರ್ತಿಯಾಗಿ ಗ್ರಾಹಕರ ಬಿಲ್ಲಿಗೆ ವರ್ಗಾಯಿಸಲು ಬಿಡುವುದಿಲ್ಲ, ನಷ್ಟವನ್ನು ಇಷ್ಟಿಷ್ಟು ಇಳಿಸಿ ಎಂದು ಆಯೋಗ ಹೇಳುವಂತಾಯಿತು. ರೈತರ ಹೆಸರಿನಲ್ಲಿ ಬರೆದುಕೊಂಡದ್ದರಲ್ಲಿ ಪೇಟೆಯ ಕಳ್ಳತನದ ಪಾಲೂ ಇತ್ತು ಎಂಬ ಮಾತನ್ನು ಮೊದಲ ಬಾರಿಗೆ ದಾಖಲೆ ಸಮೇತ ಹೇಳಲು ಸಾಧ್ಯವಾಯಿತು. ಉಚಿತ ಕರೆಂಟು ತಿಂದು ಖಜಾನೆ ಖಾಲಿ ಮಾಡುತ್ತಾರೆ ಎಂದು ರೈತರನ್ನು ದೂರುವವರು ಈ ಒಂದು ಆದೇಶವನ್ನಾದರೂ ಓದಬೇಕು.

ಇಂಥ ಕೆಲಸಕ್ಕೆ ಬೇಕಾದ ತಾಳ್ಮೆ ದೊಡ್ಡದು. ಒಂದು ದರ ಅರ್ಜಿ ನೂರಾರು ಪುಟ ಇರುತ್ತದೆ. ವಿತರಣಾ ಕಂಪನಿಯ ಖರ್ಚಿನಲ್ಲಿ ಮುಕ್ಕಾಲು ಪಾಲಿನ ಆಸುಪಾಸು ಕರೆಂಟು ಖರೀದಿಯದು, ಆದ್ದರಿಂದ ಯಾವ ಸ್ಥಾವರದಿಂದ ಎಷ್ಟಕ್ಕೆ ಎಂಬ ಪಟ್ಟಿಯನ್ನು ಸಾಲುಸಾಲಾಗಿ ನೋಡಬೇಕು. ಹಿಂದಿನ ವರ್ಷ ಹೇಳಿದ್ದಕ್ಕೂ ಈ ವರ್ಷ ಹೇಳಿದ್ದಕ್ಕೂ ತಾಳೆ ನೋಡಬೇಕು. ಸಿಗದ ಮಾಹಿತಿಗೆ ಅರ್ಜಿ ಹಾಕಬೇಕು. ಅಷ್ಟು ಮಾಡಿ ವಿಚಾರಣೆಯಲ್ಲಿ ಸಿಗುವುದು ಹತ್ತು ನಿಮಿಷ. ಗೆದ್ದರೂ ಪತ್ರಿಕೆಯಲ್ಲಿ ಸುದ್ದಿಯಾಗುವುದು ದರ ಏರಿಕೆಯ ಪೈಸೆ ಮಾತ್ರ.

ಪ್ರಯಾಸ್‌ನವರು ಇದನ್ನು ತಮ್ಮ ಕೈಯಲ್ಲೇ ಇಟ್ಟುಕೊಳ್ಳಲಿಲ್ಲ ಎಂಬುದು ನನಗೆ ಅವರ ಬಗ್ಗೆ ಇರುವ ಗೌರವಕ್ಕೆ ಮುಖ್ಯ ಕಾರಣ. 2003ರಲ್ಲಿ ದೇಶದ ಆಯೋಗಗಳ ಸಿಬ್ಬಂದಿ, ಪಾರದರ್ಶಕತೆ, ಜನರ ಪಾಲ್ಗೊಳ್ಳುವಿಕೆ ಇವುಗಳ ಸಮೀಕ್ಷೆ ಮಾಡಿ ಪ್ರಕಟಿಸಿದರು. ಮರುವರ್ಷ 'ನೋ ಯುವರ್ ಪವರ್' ಎಂಬ ಕೈಪಿಡಿ ತಂದು, ಸಾಮಾನ್ಯ ನಾಗರಿಕರಿಗೆ ವಿದ್ಯುತ್ ಕ್ಷೇತ್ರದ ಅಆಇಈ ಕಲಿಸಿದರು. ಹೈದರಾಬಾದಿನಲ್ಲಿ ಎಂ. ತಿಮ್ಮಾರೆಡ್ಡಿ ಅವರ ಮುಂದಾಳತ್ವದ 'ಪೀಪಲ್ಸ್ ಮಾನಿಟರಿಂಗ್ ಗ್ರೂಪ್ ಆನ್ ಎಲೆಕ್ಟ್ರಿಸಿಟಿ ರೆಗ್ಯುಲೇಷನ್' ಇದೇ ಕೆಲಸಕ್ಕೆ ಆಂಧ್ರದ ಆಯೋಗದ ಮುಂದೆ ವರ್ಷವರ್ಷವೂ ನಿಂತಿತು. ಸುಬೋಧ್ ವಾಗ್ಳೆ ಪಾಠ ಹೇಳುವ ಕಡೆಗೆ ಹೋದರು, ಶಂತನು ದೀಕ್ಷಿತ್ ಅಲ್ಲೇ ಉಳಿದು ಮುಂದುವರಿಸಿದರು.

ಅವರ ಇನ್ನೊಂದು ಕೆಲಸ ನನಗೆ ತುಂಬಾ ಇಷ್ಟ. ಹಳ್ಳಿಗಳಿಗೆ ಇಂತಿಷ್ಟು ಗಂಟೆ ಕರೆಂಟು ಕೊಟ್ಟಿದ್ದೇವೆ ಎಂದು ಕಂಪನಿಗಳು ವರದಿ ಬರೆಯುತ್ತವೆ. ಅದು ಸಬ್‌ಸ್ಟೇಷನ್ನಿನ ಲೆಕ್ಕ. ಮನೆಯ ಪ್ಲಗ್ಗಿನ ತನಕ ಬಂತೇ ಎಂಬುದು ಬೇರೆ ಪ್ರಶ್ನೆ. ಪ್ರಯಾಸ್ ಪುಟ್ಟ ಸಾಧನವೊಂದನ್ನು ದೇಶದ ಹಲವು ರಾಜ್ಯಗಳ ಮನೆಗಳಲ್ಲಿ, ಅಂಗಡಿಗಳಲ್ಲಿ ಪ್ಲಗ್ಗಿಗೆ ಸಿಕ್ಕಿಸಿತು. ಅದು ನಿಮಿಷ ನಿಮಿಷದ ವೋಲ್ಟೇಜನ್ನು ದಾಖಲಿಸಿ ಮೊಬೈಲ್ ಜಾಲದ ಮೂಲಕ ಕಳಿಸುತ್ತದೆ. ಸಂಜೆ ಏಳರಿಂದ ಹತ್ತರ ತನಕ, ಮಕ್ಕಳು ಓದುವ ಹೊತ್ತಿನಲ್ಲಿ, ಕರೆಂಟು ಇತ್ತೇ ಇಲ್ಲವೇ ಎಂಬುದನ್ನು ಯಾರೂ ತಿದ್ದಲಾಗದ ಹಾಗೆ ಅದು ಹೇಳುತ್ತದೆ. ಕಂಪನಿಯ ವರದಿ ಒಂದು ಹೇಳಿ, ಪ್ಲಗ್ಗು ಇನ್ನೊಂದು ಹೇಳಿದಾಗ ಆಯೋಗ ಯಾರನ್ನು ನಂಬಬೇಕು?

ಹಾಗೆಯೇ ಫ್ಯಾನು. ನಮ್ಮ ಮನೆಗಳ ಸಾಮಾನ್ಯ ಸೀಲಿಂಗ್ ಫ್ಯಾನು 70-75 ವ್ಯಾಟ್ ತಿನ್ನುತ್ತದೆ. ಅದರ ಅರ್ಧಕ್ಕೂ ಕಡಿಮೆಯಲ್ಲಿ ಅಷ್ಟೇ ಗಾಳಿ ಕೊಡುವ ಫ್ಯಾನು ಸಾಧ್ಯ. ತಯಾರಕರಿಗೆ ಆರಂಭದಲ್ಲಿ ಸಹಾಯಧನ ಕೊಟ್ಟರೆ ಬೆಲೆ ಇಳಿದು ಮಾರುಕಟ್ಟೆಯೇ ಅತ್ತ ತಿರುಗುತ್ತದೆ ಎಂದು ಗಿರೀಶ್ ಮತ್ತು ಸಂಗಡಿಗರು ಯೋಜನೆ ರೂಪಿಸಿ ಕೇಂದ್ರದ ಮುಂದಿಟ್ಟರು. ಸರ್ಕಾರಿ ಯೋಜನೆಯಾಗಿ ಅದು ಅಂದುಕೊಂಡ ವೇಗದಲ್ಲಿ ಸಾಗಲಿಲ್ಲ. ಇಂದು ಬೆಂಗಳೂರು, ಹುಬ್ಬಳ್ಳಿಯ ಯಾವ ಎಲೆಕ್ಟ್ರಿಕಲ್ ಅಂಗಡಿಗೆ ಹೋದರೂ ಬಿಎಲ್‌ಡಿಸಿ ಫ್ಯಾನು ಸಿಗುತ್ತದೆ. ನಿಯಂತ್ರಣವೂ ಮಾರುಕಟ್ಟೆಯೂ ಒಂದಕ್ಕೊಂದು ವೈರಿಗಳೆಂದು ನಂಬಿದವರು ಈ ಫ್ಯಾನಿನ ಕಥೆಯನ್ನು ಗಮನಿಸಬೇಕು.

ಗಿರೀಶ್ ಸಂತ್ 2012ರ ಫೆಬ್ರವರಿಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು ಐವತ್ತೂ ತುಂಬಿರಲಿಲ್ಲ. ಅಮೂಲ್ಯ ರೆಡ್ಡಿ 2006ರಲ್ಲೇ ಹೋಗಿದ್ದರು. ಇಬ್ಬರೂ ಯೋಜನಾ ಭವನದಿಂದ ಹಳ್ಳಿಯ ಪಂಪಿನ ಮನೆಯ ತನಕ ಒಂದೇ ದನಿಯಲ್ಲಿ ಮಾತಾಡಬಲ್ಲವರಾಗಿದ್ದರು. ಪ್ರಯಾಸ್ ಗಿರೀಶ್ ಅವರ ನಂತರವೂ ನಿಂತಿದೆ, ಕೆಲಸ ನಡೆಯುತ್ತಿದೆ. ಒಂದು ಸಂಸ್ಥೆ ಗಟ್ಟಿಯೋ ಅಲ್ಲವೋ ಎಂದು ತಿಳಿಯುವುದು ಅಲ್ಲೇ.

ಈಗ ನಮ್ಮ ಮಾತು. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ 2002ರಿಂದ ಇವೆ, ಮೈಸೂರಿನ ಸೆಸ್ಕ್ ಆಮೇಲೆ ಬಂತು. ಎಸ್ಕಾಂ ಎಂದು ಕರೆಯುವ ಈ ವಿತರಣಾ ಕಂಪನಿಗಳೆಲ್ಲ ಆಯೋಗಕ್ಕೆ ದರ ಅರ್ಜಿ ಹಾಕುತ್ತವೆ. ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಅಲ್ಲಿಗೆ ಎಫ್‌ಕೆಸಿಸಿಐ, ಕಾಸಿಯಾದಂಥ ಉದ್ಯಮಿಗಳ ಸಂಘಗಳು ತಯಾರಿ ಮಾಡಿಕೊಂಡು ಬರುತ್ತವೆ, ಬರಲೇಬೇಕು, ಅವರ ವ್ಯವಹಾರ ಅದರ ಮೇಲೆ ನಿಂತಿದೆ. ರೈತ ಸಂಘಟನೆಗಳವರೂ ಬರುತ್ತಾರೆ, ಟಿಸಿ, ಲೈನು, ಓಲ್ಟೇಜು ಎಂದು ಹೊಟ್ಟೆಯುರಿಯಿಂದ ಮಾತಾಡುತ್ತಾರೆ. ಮನೆ ಗ್ರಾಹಕರ ಪರವಾಗಿ ಅಂಕಿಅಂಶ ಹಿಡಿದು ಬರುವವರು ಕೆಲವೇ ಕೆಲವರು, ಬಹುಪಾಲು ವಯಸ್ಸಾದವರು. 200 ಯೂನಿಟ್ಟಿನವರೆಗೆ ಗೃಹಜ್ಯೋತಿ ಇದೆಯಲ್ಲ ಎಂದು ಉಳಿದವರು ಸುಮ್ಮನಿರಬಹುದು. ಆದರೆ ಗೃಹಜ್ಯೋತಿಯ ದುಡ್ಡೂ ಪಂಪ್‌ಸೆಟ್ಟಿನ ಸಹಾಯಧನವೂ ಬರುವುದು ಖಜಾನೆಯಿಂದ. ದರ ತಪ್ಪಾಗಿ ನಿಗದಿಯಾದರೆ ಆ ತಪ್ಪು ಶಾಲೆ, ಆಸ್ಪತ್ರೆಯ ಪಾಲಿನಿಂದ ಕಳೆಯುತ್ತದೆ. ಪಂಪ್‌ಸೆಟ್ಟಿನ ಅಂಕಿಯ ಪ್ರಶ್ನೆ ಕರ್ನಾಟಕದಲ್ಲೂ ತೀರಿಲ್ಲ. ಟಿಸಿಗೆ ಮೀಟರ್ ಹಾಕಿ, ಫೀಡರ್ ಬೇರೆ ಮಾಡಿ, ಲೆಕ್ಕ ಕೊಡಿ ಎಂದು ಆಯೋಗ ಮತ್ತೆ ಮತ್ತೆ ಹೇಳುತ್ತಲೇ ಬಂದಿದೆ.

ಆದ್ದರಿಂದ ಒಂದು ವಿನಂತಿ, ಮುಖ್ಯವಾಗಿ ಇಬ್ಬರಿಗೆ. ಕೆಇಬಿ, ಕೆಪಿಟಿಸಿಎಲ್‌ನಿಂದ ನಿವೃತ್ತರಾದ ಎಂಜಿನಿಯರುಗಳೇ, ಆ ಕೋಷ್ಟಕಗಳನ್ನು ನಿಮ್ಮಷ್ಟು ಬಲ್ಲವರು ಬೇರೆ ಯಾರೂ ಇಲ್ಲ. ಯಾವ ಸಾಲಿನಲ್ಲಿ ಏನು ಮುಚ್ಚಿಡುತ್ತಾರೆ ಎಂಬುದು ನಿಮಗೆ ಗೊತ್ತು. ಎಂಜಿನಿಯರಿಂಗ್, ಕಾಮರ್ಸ್ ಕಾಲೇಜಿನ ಮೇಷ್ಟ್ರುಗಳೇ, ನಿಮ್ಮ ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಹುಡುಕುತ್ತಿದ್ದೀರಿ. ನಿಮ್ಮ ಊರಿನ ಎಸ್ಕಾಂನ ಅರ್ಜಿ ಸಾರ್ವಜನಿಕ ದಾಖಲೆ, ಅದನ್ನೇ ಕೊಡಿ. ಎಲ್ಲವನ್ನೂ ಓದಬೇಕಿಲ್ಲ. ಈ ವರ್ಷ ನಷ್ಟದ ಕೋಷ್ಟಕ ಮತ್ತು ಐಪಿ ಸೆಟ್ (ನೀರಾವರಿ ಪಂಪ್‌ಸೆಟ್) ಬಳಕೆಯ ಕೋಷ್ಟಕ, ಇವೆರಡನ್ನು ಮಾತ್ರ ಹಿಡಿಯಿರಿ. ಹತ್ತು ಹಳ್ಳಿಗಳ ಟಿಸಿಗಳ ಹತ್ತಿರ ಹೋಗಿ ರೈತರನ್ನು ಕೇಳಿ ತಾಳೆ ನೋಡಿ. ಕಂಡದ್ದನ್ನು ಕನ್ನಡದಲ್ಲೇ ಎರಡು ಪುಟ ಬರೆದು, ಜಾಹೀರಾತಿನಲ್ಲಿ ಕೊಟ್ಟ ಗಡುವಿನೊಳಗೆ ಆಯೋಗಕ್ಕೆ ಸಲ್ಲಿಸಿ, ವಿಚಾರಣೆಯ ದಿನ ಹೋಗಿ ಮಾತಾಡಿ. ದರ ಆದೇಶದಲ್ಲಿ ಆಕ್ಷೇಪಗಳಿಗೆ ಉತ್ತರ ಕೊಡುವ ಅಧ್ಯಾಯವಿರುತ್ತದೆ. ನಿಮ್ಮ ಪ್ರಶ್ನೆಗೆ ಅಲ್ಲಿ ಸರಿಯಾದ ಉತ್ತರ ಸಿಗದಿದ್ದರೆ, ಮುಂದಿನ ವಿಚಾರಣೆಯಲ್ಲಿ ಅದನ್ನೇ ಮತ್ತೆ ಕೇಳಿ.